ಕಾಣದ ಹೊಗೆಗೆ ಕನ್ನಡದಲ್ಲಿ ಏನೆನ್ನೋಣ?

(ಕಾರ್ಖಾನೆ ಕೆಲಸಗಾರರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವ ವಿಷಯ "ಕೆಲಸದ ಜಾಗದಲ್ಲಿ ಕನ್ನಡ". ಈ ವಿಷಯದ ಮೇಲೆ ಒಂದು ಗಂಟೆ ಘೋಷಣೆ ಕೂಗಿ ಇಳಿದು ಹೋಗಬಹುದು. ಚಪ್ಪಾಳೆಯೂ ಬೀಳುತ್ತದೆ. ಆದರೆ ನಾನು ಇವತ್ತು ಒಂದೇ ಒಂದು ಇಂಗ್ಲಿಷ್ ಪದ ಹಿಡಿದುಕೊಂಡು ಬಂದಿದ್ದೇನೆ. ಆ ಪದ "ಫ್ಯೂಮ್". ಈ ಒಂದು ಪದವನ್ನು ನಿಮ್ಮ ಕಾರ್ಖಾನೆಯ ಗೋಡೆಯ ಮೇಲೆ ಸರಿಯಾದ ಕನ್ನಡದಲ್ಲಿ ಬರೆದರೆ ಒಂದು ಜೀವ ಉಳಿಯಬಹುದು. ತಪ್ಪಾಗಿ ಬರೆದರೆ ಹೋಗಬಹುದು. ಇದು ಉತ್ಪ್ರೇಕ್ಷೆಯೋ ಅಲ್ಲವೋ, ಕೊನೆಗೆ ನೀವೇ ಹೇಳಿ.

ನಾನು ಭಾಷಾ ಪಂಡಿತನಲ್ಲ. ಪಿಯುಸಿವರೆಗೆ ಓದಿ, ತಂದೆಯವರ ಪ್ರೆಸ್ಸಿಗೆ ಬಂದು ಕೂತವನು. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ, ಸ್ಟಿಕ್ಕರ್ ಅಚ್ಚು ಮಾಡಿ ಬದುಕುವವನು. ಪ್ರೂಫ್ ತಿದ್ದುವವನಿಗೆ ಪದಗಳ ಜೊತೆ ಜಗಳ ತಪ್ಪಿದ್ದಲ್ಲ. ಆ ಜಗಳದಲ್ಲಿ ಕಲಿತದ್ದನ್ನಷ್ಟೇ ನಿಮ್ಮ ಮುಂದೆ ಇಡುತ್ತೇನೆ.

ಒಂದು ಪದ, ಎರಡು ಮುಖ

ಇಂಗ್ಲಿಷಿನಲ್ಲಿ ಫ್ಯೂಮ್ ಎಂದರೆ ಹೊಗೆ. ಫ್ಯೂಮ್ ಎಂದರೆ ಸಿಟ್ಟು ಕೂಡ. ಹೊಗೆ ಎಂಬ ಅರ್ಥದಲ್ಲಿ ಅದು ಹೆಚ್ಚಾಗಿ ಬಹುವಚನದಲ್ಲಿ, "ಫ್ಯೂಮ್ಸ್" ಎಂದು ಬರುತ್ತದೆ. ಪೆಟ್ರೋಲ್ ಫ್ಯೂಮ್ಸ್, ಆಸಿಡ್ ಫ್ಯೂಮ್ಸ್, ವೆಲ್ಡಿಂಗ್ ಫ್ಯೂಮ್ಸ್. ಸಿಟ್ಟು ಎಂಬ ಅರ್ಥದಲ್ಲಿ ಅದು ಕ್ರಿಯಾಪದ. "ಬಾಸ್ ಫುಲ್ ಫ್ಯೂಮ್ ಆಗಿದ್ದಾರೆ ಕಣ್ರೀ, ಈಗ ಒಳಗೆ ಹೋಗಬೇಡಿ" ಎಂದು ನಮ್ಮ ಆಫೀಸುಗಳ ಹುಡುಗರು ಹೇಳುವುದನ್ನು ಕೇಳಿದ್ದೀರಿ.

ಒಮ್ಮೊಮ್ಮೆ ಇವೆರಡೂ ಗೋಜಲಾಗುತ್ತವೆ. ಕೆಮಿಸ್ಟ್ರಿ ಲ್ಯಾಬಿನ ಬಾಟಲಿಯ ಮೇಲೆ "ಫ್ಯೂಮಿಂಗ್ ನೈಟ್ರಿಕ್ ಆಸಿಡ್" ಎಂದು ಬರೆದಿರುತ್ತದೆ. ಆಸಿಡ್ಡಿಗೆ ಯಾರ ಮೇಲೆ ಸಿಟ್ಟು ಎಂದು ನಾವು ಪಿಯುಸಿ ಹುಡುಗರು ನಗುತ್ತಿದ್ದೆವು. ಅದು ಮುಚ್ಚಳ ತೆಗೆದರೆ ಹೊಗೆಯುಗುಳುವ ಆಸಿಡ್, ಅಷ್ಟೇ.

ಇನ್ನು ಎರಡೂ ಅರ್ಥ ಒಂದೇ ಕಡೆ ಸೇರುವ ಸಂದರ್ಭವೂ ಉಂಟು. ಬೆಂಗಳೂರಿನ ಬೆಳ್ಳಂದೂರು ಕೆರೆಗೆ 2017ರ ಫೆಬ್ರವರಿಯಲ್ಲಿ ಬೆಂಕಿ ಬಿತ್ತು, ಮತ್ತೆ 2018ರ ಜನವರಿಯಲ್ಲಿ ಬಿತ್ತು. ನೀರಿಗೆ ಬೆಂಕಿ ಬೀಳುವುದನ್ನು ಪ್ರಪಂಚವೇ ನೋಡಿತು. ಅತ್ತ ಕೆರೆಯೂ ಫ್ಯೂಮ್, ಇತ್ತ ಜನರೂ ಫ್ಯೂಮ್! ಇಂಗ್ಲಿಷಿನವರು ಒಂದೇ ಪದದಲ್ಲಿ ಎರಡನ್ನೂ ಮುಗಿಸಬಹುದು. ಕನ್ನಡದಲ್ಲಿ ಆಗುವುದಿಲ್ಲವೇ? ಯಾಕಾಗುವುದಿಲ್ಲ ಸ್ವಾಮಿ! ಕೆರೆ ಹೊಗೆಯಾಡಿತು, ಜನರ ಅಸಮಾಧಾನವೂ ಹೊಗೆಯಾಡಿತು. ಹೊಗೆಯಾಡು ಎಂಬ ಅಚ್ಚಗನ್ನಡ ಪದ ಎರಡೂ ಕೆಲಸವನ್ನು ಮಾಡುತ್ತಲೇ ಬಂದಿದೆ. ಪಕ್ಷದಲ್ಲಿ ಭಿನ್ನಮತ ಹೊಗೆಯಾಡುತ್ತಿದೆ ಎಂದು ಪತ್ರಿಕೆಯಲ್ಲಿ ಓದದ ವಾರ ಯಾವುದಿದೆ ಹೇಳಿ!

ಧೂಮವೂ ಫ್ಯೂಮೂ ಒಂದೇ ಬಳ್ಳಿ

ಈ ಪದ ಎಲ್ಲಿಂದ ಬಂತು? ಲ್ಯಾಟಿನ್ ಭಾಷೆಯಲ್ಲಿ ಹೊಗೆಗೆ "ಫೂಮುಸ್" ಎನ್ನುತ್ತಾರೆ. ಅದು ಹಳೆಯ ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಹೋಯಿತು. 16ನೇ ಶತಮಾನದಲ್ಲಿ ಅದಕ್ಕೆ ಸಿಟ್ಟಾಗು ಎಂಬ ಅರ್ಥ ಸೇರಿತು. ಹೊಟ್ಟೆಯಿಂದ ಒಂದು ಬಗೆಯ ಆವಿ ಮೇಲೆದ್ದು ತಲೆಗೇರಿ ಬುದ್ಧಿಯನ್ನು ಮಂಕು ಮಾಡುತ್ತದೆ ಎಂದು ಯೂರೋಪಿನ ಹಳೆಯ ವೈದ್ಯರು ನಂಬಿದ್ದರು. ನಾವೂ "ಸಿಟ್ಟು ನೆತ್ತಿಗೇರಿತು" ಎನ್ನುತ್ತೇವಲ್ಲ, ಹಾಗೆ.

ಸ್ವಾರಸ್ಯ ಇಲ್ಲಿದೆ. ಲ್ಯಾಟಿನ್ನಿನ ಫೂಮುಸ್ ಮತ್ತು ಸಂಸ್ಕೃತದ ಧೂಮ ಇವೆರಡೂ ಒಂದೇ ಬೇರಿನವು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಗ್ರೀಕ್ ಭಾಷೆಯ "ಥೂಮೋಸ್" ಎಂಬ ಪದವೂ ಅದೇ ಬಳ್ಳಿಯದು. ಅದರ ಅರ್ಥ ಹೊಗೆಯಲ್ಲ. ಮನಸ್ಸಿನ ಕೆಚ್ಚು, ರೋಷ, ಕೋಪ! ಅಂದರೆ ಹೊಗೆಗೂ ಸಿಟ್ಟಿಗೂ ನೆಂಟಸ್ತನ ಇಂಗ್ಲಿಷ್ ಹುಟ್ಟುವುದಕ್ಕಿಂತ ಬಹಳ ಹಿಂದಿನದು.

ಪರ್‌ಫ್ಯೂಮ್ ಎಂಬ ಪದದಲ್ಲಿ ಇರುವುದೂ ಇದೇ ಫ್ಯೂಮ್. ಹೊಗೆಯ ಮೂಲಕ ಎಂದು ಅದರ ಮೂಲ ಅರ್ಥ. ಈಗ ಬಾಟಲಿಯಿಂದ ಚಿಮ್ಮಿಸಿಕೊಳ್ಳುವ ಅತ್ತರು ಮೊದಲು ಸುವಾಸನೆಯ ಹೊಗೆಯಾಗಿತ್ತು. ಮಗುವಿಗೆ ಎಣ್ಣೆನೀರು ಹಾಕಿದ ಮೇಲೆ ಅಜ್ಜಿ ಸಾಂಬ್ರಾಣಿ ಹೊಗೆ ಕೊಡುತ್ತಾಳಲ್ಲ, ಮೂಲ ಅರ್ಥದ ಪರ್‌ಫ್ಯೂಮ್ ಅದೇ.

ನಮ್ಮ ಹೊಗೆ ಮಾತ್ರ ಬೇರೆ ಬಳ್ಳಿಯದು, ದ್ರಾವಿಡ ಬಳ್ಳಿಯದು. ಹಳಗನ್ನಡದಲ್ಲಿ ಅದು ಪೊಗೆ. ತಮಿಳಿನಲ್ಲಿ ಪುಗೈ, ತೆಲುಗಿನಲ್ಲಿ ಪೊಗ, ತುಳುವಿನಲ್ಲಿ ಪೊಗೆ. ಪಾಲು ಹಾಲಾದ ಹಾಗೆ, ಪೂ ಹೂವಾದ ಹಾಗೆ, ಪೊಗೆ ಹೊಗೆಯಾಯಿತು. ಸ್ಪ್ಯಾನಿಷ್ ಭಾಷೆಯಲ್ಲೂ ಲ್ಯಾಟಿನ್ನಿನ ಫೂಮುಸ್ ಪದದ ಮೊದಲ ಅಕ್ಷರ ಹ-ಕಾರವಾಗಿ, ಆಮೇಲೆ ಉಚ್ಚಾರದಲ್ಲಿ ಅದೂ ಬಿದ್ದುಹೋಯಿತು. ಈಗ ಅವರು ಹೊಗೆಗೆ "ಊಮೊ" ಎನ್ನುತ್ತಾರೆ. ತುಟಿಯಲ್ಲಿ ಹುಟ್ಟಿದ ಅಕ್ಷರ ಗಂಟಲಿಗೆ ಜಾರುವುದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ.

ಈ ಹೊಗೆಯಿಂದ ನಮ್ಮ ಹಿರಿಯರು ಎಷ್ಟು ಪದ ಕಟ್ಟಿದರು ನೋಡಿ. ತಂಬಾಕಿಗೆ ಹೊಗೆಸೊಪ್ಪು. ರೈಲಿಗೆ ಹೊಗೆಬಂಡಿ. ಯಾವ ಸಮಿತಿಯೂ ಕೂತು ಮಾಡಿದ ಪದಗಳಲ್ಲ ಇವು. ಕಣ್ಣಿಂದ ನೋಡಿ ಬಾಯಿಂದ ಬಂದ ಪದಗಳು. ಅದೇ ರೈಲಿಗೆ ಉಗಿಬಂಡಿ ಎಂದವರೂ ಇದ್ದರು. ಎರಡೂ ಸರಿ. ದೂರದಿಂದ ಕಾಣುವುದು ಹೊಗೆ, ಗಾಲಿಯನ್ನು ತಿರುಗಿಸುವುದು ಉಗಿ. ಹೊಗೆಗೂ ಉಗಿಗೂ ಇರುವ ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ನಮ್ಮ ಒಲೆಯೇ ನಿಘಂಟು

ಸಿಟ್ಟಿಗೆ ಕನ್ನಡದಲ್ಲಿರುವ ಪದಗಳನ್ನು ಎಣಿಸಿ. ಅರ್ಧಕ್ಕರ್ಧ ಒಲೆಯ ಮುಂದೆ ಹುಟ್ಟಿದವು. ಸೌದೆ ಹಸಿಯಾಗಿದ್ದರೆ ಮೊದಲು ಹೊಗೆಯಾಡುತ್ತದೆ. ಅಸಮಾಧಾನವೂ ಹಾಗೆಯೇ. ಆಮೇಲೆ ಕಿಡಿ ಹಾರುತ್ತದೆ. ಮನುಷ್ಯ ಕಿಡಿಕಾರುತ್ತಾನೆ, ಕಿಡಿಕಿಡಿಯಾಗುತ್ತಾನೆ. ಉರಿ ಹತ್ತುತ್ತದೆ, ಉರಿದುಬೀಳುತ್ತಾನೆ. ಮೇಲಿಟ್ಟ ಪಾತ್ರೆ ಕುದಿಯುತ್ತದೆ. ಒಳಗೊಳಗೇ ಕೊತಕೊತ ಕುದಿಯುತ್ತಾನೆ. ಕೊನೆಗೆ ಕೆಂಡಾಮಂಡಲವಾಗುತ್ತಾನೆ. ಎಲ್ಲ ಆರಿತು ಅಂದುಕೊಂಡರೆ ಅದು ಬೂದಿ ಮುಚ್ಚಿದ ಕೆಂಡ!

ಇಂಗ್ಲಿಷಿನ ಫ್ಯೂಮ್ ಈ ಸಾಲಿನಲ್ಲಿ ಎಲ್ಲಿ ಕೂರುತ್ತದೆ? ಹೊಗೆಗೂ ಕುದಿತಕ್ಕೂ ನಡುವೆ. ಸಿಟ್ಟು ಬಂದಿದೆ, ಮುಖದಲ್ಲಿ ಕಾಣುತ್ತಿದೆ, ಇನ್ನೂ ಸ್ಫೋಟಿಸಿಲ್ಲ. ಒಬ್ಬ ವ್ಯಕ್ತಿಯಾದರೆ "ಒಳಗೇ ಕುದಿಯುತ್ತಿದ್ದಾನೆ" ಎನ್ನಿ, "ಬುಸುಗುಡುತ್ತಿದ್ದಾನೆ" ಎನ್ನಿ. ಒಂದು ಊರು, ಒಂದು ಪಕ್ಷ, ಒಂದು ಕಾರ್ಖಾನೆಯ ಜನರಾದರೆ "ಅಸಮಾಧಾನ ಹೊಗೆಯಾಡುತ್ತಿದೆ" ಎನ್ನಿ. ಗಂಡಹೆಂಡಿರ ನಡುವೆಯಾದರೆ ಇವು ಯಾವುವೂ ಬೇಡ, "ಮುನಿಸು" ಸಾಕು. ಇಂಗ್ಲಿಷಿಗೆ ಒಂದು ಪದವಿದ್ದರೆ ಕನ್ನಡಕ್ಕೂ ಒಂದೇ ಇರಬೇಕೆಂಬ ನಿಯಮವಿಲ್ಲ. ಸಂದರ್ಭ ನೋಡಿ ಆರಿಸಿಕೊಳ್ಳಬೇಕು.

ಸಿಟ್ಟಿನ ವಿಷಯದಲ್ಲಿ ತಪ್ಪು ಪದ ಬಳಸಿದರೆ ಹೆಚ್ಚೆಂದರೆ ಕಥೆ ಕೆಡುತ್ತದೆ, ಸುದ್ದಿ ಕೆಡುತ್ತದೆ. ಹೊಗೆಯ ವಿಷಯದಲ್ಲಿ ಹಾಗಲ್ಲ. ನಾನು ಇಲ್ಲಿಗೆ ಬಂದ ಕಾರಣ ಅದೇ.

ಬೋರ್ಡಿನ ಕಥೆ

ಕೆಲವು ವರ್ಷಗಳ ಕೆಳಗೆ ಒಂದು ಕಾರ್ಖಾನೆಯಿಂದ ನಮ್ಮ ಪ್ರೆಸ್ಸಿಗೆ ಎಚ್ಚರಿಕೆಯ ಸ್ಟಿಕ್ಕರುಗಳ ಆರ್ಡರ್ ಬಂತು. ಹೆಸರು ಬೇಡ. ಮೇಲೆ ದೊಡ್ಡದಾಗಿ ಇಂಗ್ಲಿಷಿನಲ್ಲಿ "ಡೇಂಜರಸ್ ಫ್ಯೂಮ್ಸ್" ಎಂದಿತ್ತು. ಕೆಳಗೆ ಸಣ್ಣದಾಗಿ ಕನ್ನಡದಲ್ಲಿ "ಅಪಾಯಕಾರಿ ಧೂಮ" ಎಂದಿತ್ತು. ಪ್ರೂಫ್ ತೆಗೆದು ಮೇಜಿನ ಮೇಲಿಟ್ಟೆ. ಕಟಿಂಗ್ ಮೆಷಿನ್ನಿನ ಹುಡುಗ ಬಂದು ಓದಿ, "ಏನ್ಸಾರ್, ಬೀಡಿ ಸೇದಬಾರದು ಅಂತಾನಾ?" ಎಂದ.

ಅವನದೇನು ತಪ್ಪು? ಧೂಮ ಎಂಬ ಪದವನ್ನು ಅವನು ನೋಡಿರುವುದು ಒಂದೇ ಕಡೆ, "ಧೂಮಪಾನ ನಿಷೇಧಿಸಲಾಗಿದೆ" ಎಂಬ ಬೋರ್ಡಿನಲ್ಲಿ. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಜಾಗಗಳಲ್ಲಿ ಬೀಡಿ ಸಿಗರೇಟು ನಿಷೇಧದ ನಿಯಮ ಜಾರಿಯಾದ ಮೇಲಂತೂ ಆ ಬೋರ್ಡು ಬಸ್‌ಸ್ಟ್ಯಾಂಡಿನಿಂದ ಹೋಟೆಲಿನವರೆಗೆ ಎಲ್ಲ ಕಡೆಯೂ ಬಂತು. ಅವನ ಪಾಲಿಗೆ ಧೂಮ ಎಂದರೆ ಬೀಡಿ. ಬೀಡಿ ಸೇದದವನು ಆ ಸ್ಟಿಕ್ಕರ್ ನೋಡಿ, ಇದು ನನಗಲ್ಲ ಎಂದುಕೊಂಡು ನೇರವಾಗಿ ಒಳಗೆ ಹೋಗುತ್ತಾನೆ!

ಕಾರ್ಖಾನೆಯ ಅಧಿಕಾರಿಗೆ ಫೋನ್ ಮಾಡಿದೆ. ಪದ ಬದಲಿಸೋಣ ಸಾರ್, ಇದು ಕೆಲಸದವರಿಗೆ ತಿಳಿಯುವುದಿಲ್ಲ, "ವಿಷದ ಘಾಟು, ಉಸಿರಾಡಬೇಡಿ" ಎಂದು ಹಾಕೋಣ ಎಂದೆ. ಘಾಟು ಎನ್ನುವುದು ಗ್ರಾಮ್ಯ, ಕಂಪನಿಯ ಬೋರ್ಡಿನಲ್ಲಿ ಚೆನ್ನಾಗಿರುವುದಿಲ್ಲ ಎಂಬ ಉತ್ತರ ಬಂತು. ನಾನು ಪಟ್ಟು ಬಿಡಲಿಲ್ಲ. ಆರ್ಡರ್ ಬೇರೆ ಪ್ರೆಸ್ಸಿಗೆ ಹೋಯಿತು. ಹೋಗಲಿ ಬಿಡಿ. ಆದರೆ ಆ ಗೋಡೆಯ ಮೇಲೆ ಧೂಮವೇ ಕೂತಿತು ಎಂಬುದು ನನ್ನನ್ನು ಕಾಡುತ್ತದೆ. ಯಾರಿಗೆ ಚೆನ್ನಾಗಿರಬೇಕಿತ್ತು ಆ ಬೋರ್ಡು? ನೋಡಲು ಬರುವ ದೊಡ್ಡವರಿಗೋ, ಅಲ್ಲಿ ಉಸಿರಾಡುವವನಿಗೋ?

ಸಂಸ್ಕೃತದ ಪದ ಬೇಡ ಎಂಬ ಹಟ ನನಗಿಲ್ಲ. ವಿಷ ಸಂಸ್ಕೃತವೇ, ಎಲ್ಲರಿಗೂ ತಿಳಿಯುತ್ತದೆ. ಇಂಗ್ಲಿಷಿನ ಮೇಲೂ ಹಗೆಯಿಲ್ಲ. ಗ್ಯಾಸ್ ಎಂದರೆ ಹಳ್ಳಿಯ ಅಜ್ಜಿಗೂ ಅರ್ಥವಾಗುತ್ತದೆ. ಯಾವ ಪದ ಓದಿದ ಕೂಡಲೇ ಕೈಯನ್ನು ತಡೆದು ನಿಲ್ಲಿಸುತ್ತದೋ ಆ ಪದ ಬೇಕು.

ಹೊಗೆ ಕಾಣದ ಅಪಾಯ

ಹಾಗಾದರೆ ಫ್ಯೂಮ್ಸ್ ಎಂದಿರುವ ಕಡೆಯಲ್ಲೆಲ್ಲ ಹೊಗೆ ಎಂದು ಬರೆದರೆ ಮುಗಿಯಿತಲ್ಲ ಎನ್ನಬಹುದು. ಮುಗಿಯುವುದಿಲ್ಲ ಮಿತ್ರರೇ. ನಮಗೆ ಹೊಗೆ ಎಂದರೆ ಕಣ್ಣಿಗೆ ಕಾಣುವುದು, ಬೆಂಕಿಯಿಂದ ಬರುವುದು. ಬೆಂಕಿಯಿಲ್ಲದೆ ಹೊಗೆಯಾಡದು ಎಂದು ಗಾದೆಯೇ ಇದೆ. ಆದರೆ ಇಂಗ್ಲಿಷಿನ ಫ್ಯೂಮ್ಸಿಗೆ ಬೆಂಕಿ ಬೇಕಿಲ್ಲ, ಕಣ್ಣಿಗೆ ಕಾಣಲೇಬೇಕೆಂದೂ ಇಲ್ಲ. "ಹೊಗೆ ಇದೆ ಎಚ್ಚರಿಕೆ" ಎಂದು ಓದಿದವನು ಇಣುಕಿ ನೋಡುತ್ತಾನೆ. ಹೊಗೆ ಕಾಣುವುದಿಲ್ಲ. ಅಪಾಯವಿಲ್ಲ ಎಂದುಕೊಂಡು ಇಳಿಯುತ್ತಾನೆ.

ಮ್ಯಾನ್‌ಹೋಲಿನಲ್ಲಿ ಆಗುವುದು ಇದೇ. ಅಲ್ಲಿ ಕೊಳೆತದ್ದರಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ. ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ಕೂತಿರುತ್ತದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಹೆಚ್ಚಾದರೆ ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತದೆ, ನಾತವೂ ತಿಳಿಯುವುದಿಲ್ಲ. ಒಬ್ಬ ಇಳಿದು ಬೀಳುತ್ತಾನೆ, ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನೂ ಬೀಳುತ್ತಾನೆ. ಇಂಥ ಸಾವುಗಳಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮನುಷ್ಯರನ್ನು ಇಳಿಸುವುದನ್ನೇ ನಿಲ್ಲಿಸಬೇಕು ಎನ್ನುವುದು ಮೊದಲ ಮಾತು. ಅಲ್ಲಿಯವರೆಗೆ ಎಚ್ಚರಿಕೆಯ ಮಾತಾದರೂ ನೆಟ್ಟಗಿರಬೇಡವೇ?

ವೆಲ್ಡಿಂಗ್ ಮಾಡುವವರು ಇಲ್ಲಿ ಬಹಳ ಮಂದಿ ಇದ್ದೀರಿ. ಕರಗಿದ ಲೋಹ ಆವಿಯಾಗಿ ಮೇಲೆದ್ದು ಗಾಳಿಯಲ್ಲಿ ತಣಿದಾಗ ಅತಿ ಸಣ್ಣ ಕಣಗಳಾಗುತ್ತದೆ. ಕೈಗಾರಿಕಾ ಆರೋಗ್ಯದ ಪುಸ್ತಕಗಳಲ್ಲಿ ಫ್ಯೂಮ್ ಎಂದರೆ ಖಚಿತವಾಗಿ ಇದೇ. ಸತುವಿನ ಲೇಪನವಿರುವ ಜಿಐ ಶೀಟನ್ನು ಬೆಸೆದ ದಿನ ಸಂಜೆ ಚಳಿ ಜ್ವರ ಬಂದು ಮರುದಿನ ಇಳಿಯುತ್ತದಲ್ಲ, ಅದು ಆ ಕಣಗಳ ಕೆಲಸ. ರಜೆ ಕಳೆದು ಬಂದ ದಿನ ಹೆಚ್ಚು ಕಾಡುವುದರಿಂದ ಇಂಗ್ಲಿಷಿನಲ್ಲಿ ಅದಕ್ಕೆ ಸೋಮವಾರದ ಜ್ವರ ಎಂಬ ಹೆಸರೂ ಇದೆ. ಜ್ವರ ಹೋದರೂ ಭಯ ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ವೆಲ್ಡಿಂಗ್ ಫ್ಯೂಮನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ನಮ್ಮ ಮುದ್ರಣದ ಕಸುಬೂ ಇದಕ್ಕೆ ಹೊರತಲ್ಲ. ಹಿಂದೆ ಅಚ್ಚುಮೊಳೆಗಳ ಕಾಲದಲ್ಲಿ ಸೀಸ, ತವರ, ಆಂಟಿಮನಿ ಕರಗಿಸಿ ಮೊಳೆ ಎರೆಯುತ್ತಿದ್ದರು. ಆಫ್‌ಸೆಟ್ ಬಂದ ಮೇಲೆ ಸೀಸ ಹೋಯಿತು, ರಬ್ಬರ್ ಬ್ಲಾಂಕೆಟ್ ಒರೆಸುವ ದ್ರಾವಣಗಳು ಬಂದವು. ಜಪಾನಿನ ಒಸಾಕಾ ನಗರದ ಒಂದು ಮುದ್ರಣಾಲಯದಲ್ಲಿ ಹತ್ತಕ್ಕೂ ಹೆಚ್ಚು ಕೆಲಸಗಾರರಿಗೆ, ಅದರಲ್ಲೂ ಚಿಕ್ಕ ವಯಸ್ಸಿನವರಿಗೆ, ಪಿತ್ತನಾಳದ ಕ್ಯಾನ್ಸರ್ ಬಂದದ್ದು 2012ರಲ್ಲಿ ಬಯಲಾಯಿತು. ಗಾಳಿ ಸರಿಯಾಗಿ ಆಡದ ಕೋಣೆ, ಮೆಷಿನ್ ಒರೆಸುವ ದ್ರಾವಣದ ಆವಿ, ವರ್ಷಗಟ್ಟಲೆ ಉಸಿರಾಟ. ಹೊಗೆ ಒಂದು ಎಳೆಯೂ ಇರಲಿಲ್ಲ. ಅದನ್ನು ಓದಿದ ಮೇಲೆ ನಮ್ಮ ಮೆಷಿನ್ ಕೋಣೆಗೆ ಎರಡು ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ.

ಇನ್ನು ಭೋಪಾಲ್. 1984ರ ಡಿಸೆಂಬರ್ 2ರ ರಾತ್ರಿ ಕಳೆದು 3 ಹುಟ್ಟುವ ಹೊತ್ತಿನಲ್ಲಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಹೊರಬಿತ್ತು. ನಿದ್ದೆಯಿಂದ ಎದ್ದ ಜನರಿಗೆ ಯಾರೋ ಮೆಣಸಿನಕಾಯಿ ಸುಡುತ್ತಿದ್ದಾರೆ ಅನ್ನಿಸಿತಂತೆ. ನಮ್ಮ ಅಡುಗೆಮನೆಯ ಮಾತಿನಲ್ಲಿ ಅದಕ್ಕೆ ಹೆಸರುಂಟು, ಘಾಟು! ಗ್ರಾಮ್ಯ ಎಂದು ಆ ಅಧಿಕಾರಿ ಬೇಡವೆಂದ ಪದ. ಆ ಕಾರ್ಖಾನೆಯ ಕೈಪಿಡಿಗಳು ಇಂಗ್ಲಿಷಿನಲ್ಲಿದ್ದವು, ಕೆಲಸಗಾರರಲ್ಲಿ ಹೆಚ್ಚಿನವರಿಗೆ ಆ ಭಾಷೆ ಸರಿಯಾಗಿ ಬರುತ್ತಿರಲಿಲ್ಲ ಎಂದು ದುರಂತದ ಬಗ್ಗೆ ಬರೆದವರು ದಾಖಲಿಸಿದ್ದಾರೆ. ಭಾಷೆಯೊಂದೇ ಆ ದುರಂತಕ್ಕೆ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ವಿಷದ ಪಕ್ಕದಲ್ಲಿ ನಿಂತವನಿಗೆ ಅವನ ಭಾಷೆಯಲ್ಲಿ ವಿಷದ ವಿಚಾರ ಹೇಳಲಿಲ್ಲ ಎಂಬುದು ಸಣ್ಣ ಮಾತೇ?

ಏನು ಬರೆಯಬೇಕು?

1948ರ ಕಾರ್ಖಾನೆಗಳ ಕಾಯ್ದೆಯ 36ನೇ ಕಲಮಿನಲ್ಲಿ ಟ್ಯಾಂಕು, ಗುಂಡಿ, ಕೊಳವೆಗಳಲ್ಲಿ ಇಳಿಯುವವರ ಬಗ್ಗೆ ಹೇಳುವಾಗ ಗ್ಯಾಸ್, ಫ್ಯೂಮ್, ವೇಪರ್, ಡಸ್ಟ್ ಎಂದು ನಾಲ್ಕು ಪದ ಬಳಸಿದ್ದರು. ಅದೇ ಕಾಯ್ದೆಯ 108ನೇ ಕಲಮು, ಕಾರ್ಖಾನೆಯ ಸೂಚನಾ ಫಲಕಗಳು ಇಂಗ್ಲಿಷಿನ ಜೊತೆಗೆ ಬಹುಪಾಲು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು ಎಂದಿತ್ತು. ಗಮನಿಸಿ, "ತಿಳಿಯುವ" ಭಾಷೆ. ಲಿಪಿ ಕನ್ನಡದ್ದಾದರೆ ಸಾಲದು, ತಿಳಿಯಬೇಕು. ಈಗ ಆ ಕಾಯ್ದೆಯ ಜಾಗಕ್ಕೆ 2020ರ ಸಂಹಿತೆ ಬಂದಿದೆ. ಕಾನೂನಿನ ಹೆಸರು ಬದಲಾದರೂ ಬೋರ್ಡು ಓದುವ ಕಣ್ಣು ಬದಲಾಗಿಲ್ಲ.

ನಾಲ್ಕಕ್ಕೂ ನಮ್ಮಲ್ಲಿ ಪದಗಳಿವೆ. ಉರಿದು ಕಣ್ಣಿಗೆ ಕಾಣುವುದಕ್ಕೆ ಹೊಗೆ. ಬೆಸುಗೆ, ಎರಕದ ಕಡೆ ಲೋಹದ ಹೊಗೆ. ಥಿನ್ನರ್, ಪೆಟ್ರೋಲ್, ಬ್ಲಾಂಕೆಟ್ ವಾಶ್ ಇರುವಲ್ಲಿ ಆವಿ. ಆದರೆ ಆವಿ ಎಂದರೆ ಇಡ್ಲಿಪಾತ್ರೆಯ ಹಬೆ ಎಂದುಕೊಳ್ಳದಿರಲಿ ಎಂದು "ವಿಷದ ಆವಿ, ಕಣ್ಣಿಗೆ ಕಾಣುವುದಿಲ್ಲ" ಎಂದು ಬಿಡಿಸಿ ಬರೆಯಬೇಕು. ಆಸಿಡ್ ತೊಟ್ಟಿಯ ಹತ್ತಿರ ಘಾಟು. ಗುಂಡಿ, ಟ್ಯಾಂಕು, ಮ್ಯಾನ್‌ಹೋಲಿಗೆ ವಿಷಗಾಳಿ. ಧೂಳಿಗೆ ಧೂಳೇ.

ಇನ್ನೊಂದು ಮಾತು. ಹೆಸರು ಹೇಳಿ ನಿಲ್ಲಿಸಬೇಡಿ, ಕೆಲಸ ಹೇಳಿ. "ಅಪಾಯಕಾರಿ ಅನಿಲ" ಎಂದರೆ ಓದಿದವನು ಏನು ಮಾಡಬೇಕು? "ಒಳಗೆ ವಿಷಗಾಳಿ ಇದೆ. ಇಳಿಯಬೇಡಿ. ಇಳಿದವನು ಬಿದ್ದರೂ ಹಿಂದೆ ಇಳಿಯಬೇಡಿ, ಕೂಗಿ ಕರೆಯಿರಿ" ಎಂದು ಬರೆದರೆ ಅದು ಬೋರ್ಡು. ಬರೆದ ಮೇಲೆ ಅಲ್ಲಿ ಕೆಲಸ ಮಾಡುವ ಇಬ್ಬರಿಗೆ ಓದಿಸಿ, ಏನು ತಿಳಿಯಿತು ಎಂದು ಕೇಳಿ, ಆಮೇಲೆ ಅಚ್ಚಿಗೆ ಕೊಡಿ. ನಿಘಂಟು ಇರಲಿ. 1894ರ ಕಿಟ್ಟೆಲ್ ನಿಘಂಟನ್ನು ನಾನು ಕಣ್ಣಿಗೊತ್ತಿಕೊಳ್ಳುತ್ತೇನೆ. ಆದರೆ ಸುರಕ್ಷತೆಯ ಬೋರ್ಡಿಗೆ ಕೊನೆಯ ಪ್ರೂಫ್ ತಿದ್ದುವವನು ಆ ಜಾಗದಲ್ಲಿ ಉಸಿರಾಡುವವನೇ ಆಗಿರಬೇಕು.

ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋದಾಗ ನಿಮ್ಮ ಗೋಡೆಯ ಮೇಲಿರುವ ಬೋರ್ಡುಗಳನ್ನು ಒಮ್ಮೆ ಓದಿ. ತಿಳಿಯದ ಪದವಿದ್ದರೆ ಬರೆದುಕೊಳ್ಳಿ. ನಾಲ್ಕು ಜನ ಸೇರಿ, ಇದರ ಬದಲು ಇದು ಬೇಕು ಎಂದು ನೀವೇ ಪದ ಸೂಚಿಸಿ ಮ್ಯಾನೇಜರಿಗೆ ಅರ್ಜಿ ಕೊಡಿ, ಅದರ ಒಂದು ಪ್ರತಿ ಇಟ್ಟುಕೊಳ್ಳಿ. ಒಳಗೊಳಗೇ ಹೊಗೆಯಾಡುತ್ತ ಕೂತರೆ ಆ ಹೊಗೆ ಉರಿಸುವುದು ನಮ್ಮ ಕಣ್ಣನ್ನೇ. ಬಾಯಿಬಿಟ್ಟು ಕೇಳಿ. ಅರ್ಜಿಯ ಒಕ್ಕಣೆಗೆ ಸಹಾಯ ಬೇಕಾದರೆ ನಮ್ಮ ಪ್ರೆಸ್ಸಿಗೆ ಬನ್ನಿ, ಕಾಸು ಕೇಳುವುದಿಲ್ಲ.